ಕಾಗದ ಎಲ್ಲೂ ಹೋಗಿಲ್ಲ, ಮೇಷ್ಟ್ರೇ

ಗಣಕ ಕಟ್ಟೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳನ್ನೆಲ್ಲ ಹರಡಿಕೊಂಡು ಕುಳಿತಾಗ ನಗು ಬಂತು. ಬರೆದವರ ಊರು ಬೇರೆ, ವಯಸ್ಸು ಬೇರೆ. ದೂರು ಮಾತ್ರ ಒಂದೇ: ‘ಆಗ ಇತ್ತು, ಈಗ ಇಲ್ಲ.’ ಶಿರಸಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ, ಮೊದಲು ಟೈಪಿಂಗ್, ಆಮೇಲೆ ಕಂಪ್ಯೂಟರ್ ಕಲಿಸಿದ ನನಗೆ ಈ ಮಾತು ಚೆನ್ನಾಗಿ ಪರಿಚಯ. ಆದ್ದರಿಂದ ಪ್ರಿಂಟರ್, ವೈರಸ್, ಇಂಟರ್‌ನೆಟ್ ಎಂದು ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಈ ಸಲ ಡೆಸ್ಕ್‌ಟಾಪ್ ಎಂಬ ಮೇಜು, ಅದರ ಮೇಲೆ ತೆರೆದುಕೊಳ್ಳುವ ಕಿಟಕಿಗಳು, ಇಷ್ಟೇ.

ಪ್ರಶ್ನೆ: ಮಗ ತನ್ನ ಹಳೆಯ ಕಂಪ್ಯೂಟರನ್ನು ನನಗೆ ಬಿಟ್ಟು ಹೋಗಿದ್ದಾನೆ. ವಿಂಡೋಸ್ 10 ಇದೆ. ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ವರ್ಡ್‌ನಲ್ಲಿ ಕಾಗದ ಬರೆಯುತ್ತಿದ್ದೆ. ಮುಕ್ಕಾಲು ಪುಟ ಆಗಿತ್ತು. ಬಲಗಡೆ ಮೇಲ್ಮೂಲೆಯಲ್ಲಿ ಒಂದು ಸಣ್ಣ ಗೀಟು ಕಂಡಿತು. ಏನಿರಬಹುದೆಂದು ಒತ್ತಿದೆ. ಕಾಗದ ಮಾಯವಾಗಿ ಬರಿಯ ಬೆಟ್ಟದ ಚಿತ್ರ ಉಳಿಯಿತು. ಗಾಬರಿಯಿಂದ ಗೋಡೆಯ ಸ್ವಿಚ್ ಆರಿಸಿಬಿಟ್ಟೆ. ಮರುದಿನ ನೋಡಿದರೆ ಕಾಗದವಿಲ್ಲ. ಆ ಗೀಟು ಅಳಿಸುವ ಗುಂಡಿಯೇ?
– ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ಅಲ್ಲ ಮೇಷ್ಟ್ರೇ, ಗೀಟು ನಿರಪರಾಧಿ. ಕಾಗದವನ್ನು ನುಂಗಿದ್ದು ಗೋಡೆಯ ಸ್ವಿಚ್ಚು.

ನೀವು ಉತ್ತರ ಪತ್ರಿಕೆ ತಿದ್ದುತ್ತಿರುವಾಗ ಯಾರಾದರೂ ಬಂದರೆ ಕಟ್ಟನ್ನು ಮೇಜಿನ ಖಾನೆಗೆ ಸರಿಸುತ್ತಿದ್ದಿರಲ್ಲವೇ? ಗೀಟು ಮಾಡಿದ್ದು ಅದನ್ನೇ. ಕಟ್ಟು ಖಾನೆಯಲ್ಲಿತ್ತು. ನಿಮಗೆ ಕಂಡ ಬೆಟ್ಟದ ಚಿತ್ರ ಮೇಜಿನ ಹಾಸು. ಅದೇ ಡೆಸ್ಕ್‌ಟಾಪ್. ಪರದೆಯ ಅಡಿಯಲ್ಲಿ ಉದ್ದಕ್ಕೆ ಒಂದು ಪಟ್ಟಿ ಇದೆಯಲ್ಲ, ಅದು ಖಾನೆ, ಹೆಸರು ಟಾಸ್ಕ್‌ಬಾರ್. ಅಲ್ಲಿ ಸಾಲಾಗಿ ಕುಳಿತ ಪುಟ್ಟ ಚಿತ್ರಗಳನ್ನು ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿ. ಕೆಲವು ಚಿತ್ರಗಳ ಕೆಳಗೆ ಸಣ್ಣದೊಂದು ಗೆರೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಗೆರೆ ಇದ್ದರೆ ಆ ಪ್ರೋಗ್ರಾಂ ತೆರೆದೇ ಇದೆ ಎಂದರ್ಥ. ಅಂದು ನಿಮ್ಮ ವರ್ಡ್‌ನ ನೀಲಿ ಚಿತ್ರದ ಕೆಳಗೂ ಆ ಗೆರೆ ಇತ್ತು. ಅದರ ಮೇಲೆ ಒಮ್ಮೆ ಒತ್ತಿದ್ದರೆ ಕಾಗದ ಎಲ್ಲಿ ಬಿಟ್ಟಿದ್ದಿರೋ ಅಲ್ಲಿಗೇ ಬರುತ್ತಿತ್ತು.

ಈಗಲೂ ಒಂದು ಆಸೆ ಇಟ್ಟುಕೊಳ್ಳಬಹುದು. ವರ್ಡ್ ತಾನಾಗಿಯೇ ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಒಂದು ಗುಪ್ತ ಪ್ರತಿ ಇಟ್ಟುಕೊಳ್ಳುತ್ತದೆ. ವರ್ಡನ್ನು ಮತ್ತೆ ತೆರೆದಾಗ ಎಡಬದಿಯಲ್ಲಿ ‘ಡಾಕ್ಯುಮೆಂಟ್ ರಿಕವರಿ’ ಎಂಬ ಪಟ್ಟಿ ಕಂಡರೆ ಅದನ್ನು ಮುಚ್ಚಿಬಿಡಬೇಡಿ. ಅಲ್ಲಿರುವ ಹೆಸರಿನ ಮೇಲೆ ಒತ್ತಿ. ಮುಕ್ಕಾಲು ಪುಟ ಸಿಗದಿದ್ದರೂ ಅರ್ಧ ಸಿಕ್ಕೀತು.

ಗೀಟಿನ ಪಕ್ಕದಲ್ಲಿ ಇನ್ನಿಬ್ಬರು ಇದ್ದಾರೆ. ನಡುವಿನ ಚೌಕ ಕಿಟಕಿಯನ್ನು ಪರದೆ ತುಂಬ ಹಿಗ್ಗಿಸುತ್ತದೆ. ಹಿಗ್ಗಿದ ಮೇಲೆ ಅದೇ ಚೌಕ ಒಂದರ ಮೇಲೊಂದು ಇಟ್ಟ ಎರಡು ಚೌಕಗಳಾಗಿ ಕಾಣುತ್ತದೆ. ಈಗ ಒತ್ತಿದರೆ ಕಿಟಕಿ ಮೊದಲಿನ ಅಳತೆಗೆ ಕುಗ್ಗುತ್ತದೆ. ಕೊನೆಯದು ಗುಣಾಕಾರದ ಗುರುತು. ಅದು ಮುಚ್ಚುವ ಗುಂಡಿ. ನಿಜವಾಗಿ ಎಚ್ಚರ ಬೇಕಾದದ್ದು ಅದರ ಹತ್ತಿರ.

ಎಚ್ಚರ ಎನ್ನುವ ಮಾತು ಬಂದದ್ದರಿಂದ ನನ್ನದೇ ಕಥೆ ಹೇಳಿಬಿಡುತ್ತೇನೆ. 1999ರಲ್ಲಿ ನನ್ನ ಟೈಪಿಂಗ್ ಶಾಲೆಗೆ ಮೊದಲ ಕಂಪ್ಯೂಟರ್ ಬಂತು. ಒಂಬತ್ತು ಟೈಪ್‌ರೈಟರುಗಳ ನಡುವೆ ಅದೊಂದು ಮದುಮಗಳಂತೆ ಮುಸುಕು ಹಾಕಿಕೊಂಡು ಕುಳಿತಿತ್ತು. ಒಂದು ಸಂಘದ ವಾರ್ಷಿಕ ಲೆಕ್ಕಪತ್ರವನ್ನು ಎರಡು ದಿನ ಆರಿಸದೆ ಕುಳಿತು ಹನ್ನೊಂದು ಪುಟ ಹೊಡೆದೆ. ಮುಗಿದಾಗ ಸಂಜೆ. ಗುಣಾಕಾರ ಒತ್ತಿದೆ. ನಡುವೆ ಒಂದು ಪೆಟ್ಟಿಗೆ ಎದ್ದು ಕೇಳಿತು: ‘ಬದಲಾವಣೆಗಳನ್ನು ಉಳಿಸಬೇಕೆ?’ ನಾನು ಯೋಚಿಸಿದೆ: ‘ನಾನೇನು ಬದಲಾಯಿಸಿದ್ದೇನೆ? ಎಲ್ಲ ಹೊಸದಾಗಿ ಬರೆದದ್ದು, ಒಂದಕ್ಷರವನ್ನೂ ತಿದ್ದಿಲ್ಲ.’ ಪ್ರಾಮಾಣಿಕವಾಗಿ ‘ನೋ’ ಒತ್ತಿದೆ. ಹನ್ನೊಂದು ಪುಟವೂ ಹೋಯಿತು. ಟೈಪ್‌ರೈಟರಿನಲ್ಲಿ ಅಕ್ಷರ ಹೊಡೆದರೆ ಅದು ಕಾಗದಕ್ಕೆ ಹತ್ತಿಕೊಂಡಿತು, ಕೆಲಸ ಮುಗಿಯಿತು. ಕಂಪ್ಯೂಟರಿಗೆ ನೀವು ‘ಸೇವ್’ ಎನ್ನುವವರೆಗೆ ಬರೆದದ್ದೆಲ್ಲ ಗಾಳಿಯಲ್ಲಿ ಬರೆದದ್ದೇ. ಅದರ ಭಾಷೆಯಲ್ಲಿ ಖಾಲಿ ಹಾಳೆಯ ಮೇಲೆ ಮೊದಲ ಅಕ್ಷರ ಬಿದ್ದರೂ ಬದಲಾವಣೆ.

ಈಗಿನ ವರ್ಡ್‌ನಲ್ಲಿ ಆ ಪೆಟ್ಟಿಗೆಯ ಗುಂಡಿಗಳ ಹೆಸರು ಬದಲಾಗಿದೆ: ‘ಸೇವ್’, ‘ಡೋಂಟ್ ಸೇವ್’, ‘ಕ್ಯಾನ್ಸಲ್’. ಅನುಮಾನ ಬಂದಾಗಲೆಲ್ಲ ‘ಕ್ಯಾನ್ಸಲ್’ ಒತ್ತಿ. ‘ನಾನು ಮುಚ್ಚು ಎಂದೇ ಇಲ್ಲ, ಇದ್ದಲ್ಲಿಗೆ ಬಿಡು’ ಎನ್ನುವುದಷ್ಟೇ ಅದರ ಅರ್ಥ. ಹೆಸರು ಕೇಳಿ ಬರೆದದ್ದೇ ರದ್ದಾಗುತ್ತದೆ ಎಂದು ಎಷ್ಟೋ ಜನ ಹೆದರುತ್ತಾರೆ. ಮೂವರಲ್ಲಿ ಸಾಧು ಅದೇ.

ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಖಾಲಿ ಹಾಳೆ ತೆರೆದು ನಿಮ್ಮ ಹೆಸರು ಬರೆಯಿರಿ. ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಎಸ್ ಒತ್ತಿ, ಒಂದು ಹೆಸರು ಕೊಟ್ಟು ಉಳಿಸಿ. ಆಮೇಲೆ ಗೀಟು ಒತ್ತಿ, ಟಾಸ್ಕ್‌ಬಾರಿನಿಂದ ವಾಪಸು ಕರೆಯಿರಿ. ಹತ್ತು ಸಲ. ಮಗ್ಗಿ ಹೇಳಿಸಿದವರಿಗೆ ಹತ್ತು ಸಲ ಯಾಕೆ ಎಂದು ನಾನು ವಿವರಿಸಬೇಕಾಗಿಲ್ಲ. ಹಾಗೆಯೇ ಮಗನಿಗೆ ಒಂದು ಮಾತು ತಿಳಿಸಿ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಾಗದ ಬರೆಯಲು ಅಡ್ಡಿಯಿಲ್ಲ, ಬ್ಯಾಂಕಿನ ವ್ಯವಹಾರ ಮಾಡುವ ಮೊದಲು ಅವನು ಒಮ್ಮೆ ನೋಡಲಿ.

ಪ್ರಶ್ನೆ: ನನಗೆ 71 ವರ್ಷ. ಕೈ ಸ್ವಲ್ಪ ನಡುಗುತ್ತದೆ. ಅಡಿಕೆ ಧಾರಣೆಯ ಪುಟ, ಲೆಕ್ಕದ ಪುಟ, ಮೊಮ್ಮಗಳ ಫೋಟೋ ಎಲ್ಲ ತೆರೆದಿಟ್ಟುಕೊಂಡು, ಒಂದನ್ನು ಹಿಡಿದು ಪಕ್ಕಕ್ಕೆ ಸರಿಸಲು ಹೋದರೆ ಉಳಿದವೆಲ್ಲ ಒಮ್ಮೆಗೇ ಮಾಯವಾಗುತ್ತವೆ. ಮಗ ಸರಿಸಿದರೆ ಹಾಗಾಗುವುದಿಲ್ಲ. ನಾನು ಹೇಳಿದರೆ ಮನೆಯಲ್ಲಿ ಯಾರೂ ನಂಬುತ್ತಿಲ್ಲ. ಎರಡು ಸಲ ಒತ್ತುವುದೂ ಕೈಗೆ ಹತ್ತುತ್ತಿಲ್ಲ.
– ಅಡಿಕೆ ಬೆಳೆಗಾರರು, ಕೊಪ್ಪ

ಉತ್ತರ: ನಾನು ನಂಬುತ್ತೇನೆ. ನೀವು ಹೇಳುವುದು ಅಕ್ಷರಶಃ ನಿಜ, ಮನೆಯವರಿಗೆ ಈ ಪುಟವನ್ನು ತೋರಿಸಿ.

ಕಿಟಕಿಯ ನೆತ್ತಿಯ ಮೇಲಿನ ಪಟ್ಟಿಗೆ ಟೈಟಲ್ ಬಾರ್ ಎನ್ನುತ್ತಾರೆ. ಕಿಟಕಿಯನ್ನು ಸರಿಸಲು ಹಿಡಿಯುವುದು ಅದನ್ನೇ. 2009ರಲ್ಲಿ ವಿಂಡೋಸ್ 7 ಬಂದಾಗ ಮೈಕ್ರೋಸಾಫ್ಟಿನವರು ಒಂದು ಚಮತ್ಕಾರ ಸೇರಿಸಿದರು: ಟೈಟಲ್ ಬಾರನ್ನು ಹಿಡಿದು ಎಡಕ್ಕೂ ಬಲಕ್ಕೂ ಬೇಗ ಬೇಗ ಅಲುಗಿಸಿದರೆ ಅದೊಂದು ಕಿಟಕಿ ಉಳಿದು ಮಿಕ್ಕವೆಲ್ಲ ಖಾನೆ ಸೇರುತ್ತವೆ. ಇನ್ನೊಮ್ಮೆ ಅಲುಗಿಸಿದರೆ ಎಲ್ಲ ಎದ್ದು ಬರುತ್ತವೆ. ಕಸ ಕೊಡವಿದಂತೆ. ಈ ವಿದ್ಯೆ ವಿಂಡೋಸ್ 10ರಲ್ಲೂ ಇದೆ. ಅಲುಗಿಸುವವನ ಕೈ ಬೇಕೆಂದೇ ಅಲುಗುತ್ತಿದೆಯೋ, ವಯಸ್ಸಿಗೆ ನಡುಗುತ್ತಿದೆಯೋ, ಯಂತ್ರಕ್ಕೆ ಗೊತ್ತಾಗುವುದಿಲ್ಲ. ಮಗನ ಕೈ ನೇರವಾಗಿ ಹೋಗುತ್ತದೆ, ಆದ್ದರಿಂದ ಅವನಿಗೆ ಆಗುವುದಿಲ್ಲ. ವಿಂಡೋಸ್ 11ರಲ್ಲಿ ಈ ಚಮತ್ಕಾರವನ್ನು ಆರಿಸಿಟ್ಟೇ ಕೊಟ್ಟಿದ್ದಾರೆ. ಕೊಪ್ಪದಲ್ಲೊಬ್ಬರಿಗೆ ಕೀಟಲೆಯಾಗುತ್ತಿದೆ ಎಂದು ಅವರಿಗೆ ತಿಳಿದಿರಲಾರದು, ಆದರೂ ಒಳ್ಳೆಯದಾಯಿತು.

ನೀವು ಹಿಡಿದು ಎಳೆಯುವುದನ್ನೇ ಬಿಡಿ. ಸರಿಸಬೇಕಾದ ಕಿಟಕಿಯ ಮೇಲೆ ಒಮ್ಮೆ ಒತ್ತಿ, ಕೀಲಿಮಣೆಯಲ್ಲಿ ನಾಲ್ಕು ಚೌಕದ ವಿಂಡೋಸ್ ಕೀಲಿಯನ್ನು ಹಿಡಿದು ಎಡ ಬಾಣ ಒತ್ತಿ. ಕಿಟಕಿ ಎಡ ಅರ್ಧಕ್ಕೆ ಅಂಟಿಕೊಳ್ಳುತ್ತದೆ. ಬಲ ಬಾಣ ಒತ್ತಿದರೆ ಬಲ ಅರ್ಧಕ್ಕೆ. ಧಾರಣೆ ಒಂದು ಬದಿ, ಲೆಕ್ಕ ಒಂದು ಬದಿ. ಮೊಮ್ಮಗಳ ಫೋಟೋ ನೋಡಬೇಕೆನಿಸಿದಾಗ ಆಲ್ಟ್ ಹಿಡಿದು ಟ್ಯಾಬ್ ಒತ್ತಿ. ತೆರೆದಿರುವ ಕಿಟಕಿಗಳೆಲ್ಲ ಚಿಕ್ಕ ಚಿಕ್ಕದಾಗಿ ಸಾಲುಗಟ್ಟುತ್ತವೆ. ಆಲ್ಟ್ ಬಿಡದೆ ಟ್ಯಾಬ್ ಒತ್ತುತ್ತಾ ಹೋಗಿ, ಬೇಕಾದದ್ದು ಬಂದಾಗ ಕೈಬಿಡಿ.

ಎರಡು ಸಲ ಒತ್ತುವುದರಲ್ಲಿ ಹೆಚ್ಚಾಗಿ ತಪ್ಪುವುದು ವೇಗವಲ್ಲ. ಮೊದಲ ಒತ್ತಿಗೂ ಎರಡನೆಯದಕ್ಕೂ ನಡುವೆ ಮೌಸ್ ಕೂದಲೆಳೆಯಷ್ಟು ಜಾರುತ್ತದೆ, ಯಂತ್ರ ಅದನ್ನು ಎಳೆದಂತೆ ಎಂದುಕೊಳ್ಳುತ್ತದೆ. ಒಮ್ಮೆ ಮಾತ್ರ ಒತ್ತಿ, ಕೈಯನ್ನು ಮೌಸಿನಿಂದ ತೆಗೆದು ಎಂಟರ್ ಕೀಲಿ ಒತ್ತಿ. ಫಲ ಒಂದೇ.

ಕೈ ಪಳಗಲು ನಾನು ಹಿರಿಯರಿಗೆ ಸಾಲಿಟೇರ್ ಆಡಿಸುತ್ತಿದ್ದೆ. 1990ರ ವಿಂಡೋಸ್ 3.0ರಿಂದ ಬಂದ ಆಟ ಅದು. ಎಲೆ ಹಿಡಿದು ಎಳೆದು ಇನ್ನೊಂದರ ಮೇಲೆ ಬಿಡುವುದೇ ಮೌಸಿನ ಪಾಠ. ‘ಅಕ್ಕೋರ ಕ್ಲಾಸಿನಲ್ಲಿ ಇಸ್ಪೀಟು’ ಎಂದು ಪೇಟೆಯಲ್ಲಿ ಸುದ್ದಿಯಾಗಿ, ಒಬ್ಬರ ಹೆಂಡತಿ ಬಂದು ಕಿಟಕಿಯಿಂದ ಇಣುಕಿ ಹೋಗಿದ್ದರು. ಗೋಡೆಯ ಕಿಟಕಿಯಿಂದ.

ಪ್ರಶ್ನೆ: ಡೆಸ್ಕ್‌ಟಾಪಿನ ಚಿತ್ರಗಳೆಲ್ಲ ಒಂದೂ ಬಿಡದೆ ಹೋಗಿವೆ. ಟಾಸ್ಕ್‌ಬಾರ್ ಇದೆ, ಪ್ರೋಗ್ರಾಂಗಳು ಓಡುತ್ತಿವೆ. ವೈರಸ್ಸೇ?
– ಗೃಹಿಣಿ, ಹುಬ್ಬಳ್ಳಿ

ಉತ್ತರ: ಮನೆಯಲ್ಲಿ ಮಕ್ಕಳಿದ್ದಾರೆಯೇ? ಖಾಲಿ ಜಾಗದ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ವ್ಯೂ’ ಎಂಬಲ್ಲಿಗೆ ಹೋಗಿ, ‘ಶೋ ಡೆಸ್ಕ್‌ಟಾಪ್ ಐಕಾನ್ಸ್’ ಎಂಬುದರ ಮುಂದೆ ಸರಿ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಅದರ ಮೇಲೊಮ್ಮೆ ಒತ್ತಿ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ಲೆಕ್ಕ, ಸಭೆಯ ನಡಾವಳಿ, ಫೋಟೋ ಎಲ್ಲವನ್ನೂ ಡೆಸ್ಕ್‌ಟಾಪಿನ ಮೇಲೆಯೇ ಇಟ್ಟಿದ್ದೆ, ಕಣ್ಣೆದುರಿಗೆ ಇರಲಿ ಎಂದು. ಕಂಪ್ಯೂಟರ್ ನಿಧಾನವಾಯಿತೆಂದು ರಿಪೇರಿಗೆ ಕೊಟ್ಟೆ. ‘ಫಾರ್ಮ್ಯಾಟ್ ಮಾಡಿದ್ದೇನೆ, ಡಿ ಡ್ರೈವ್ ಮುಟ್ಟಿಲ್ಲ’ ಎಂದು ಹುಡುಗ ವಾಪಸು ಕೊಟ್ಟ. ಡೆಸ್ಕ್‌ಟಾಪ್ ಬೋಳು. ಅದೇನು ಡ್ರೈವಿನ ಹೊರಗಿರುತ್ತದೆಯೇ?
– ಸಂಘದ ಲೆಕ್ಕ ಬರೆಯುವವರು, ಕುಂದಾಪುರ

ಉತ್ತರ: ಹೊರಗಲ್ಲ, ಒಳಗೇ ಇರುತ್ತದೆ, ಅಪಾಯದ ಜಾಗದಲ್ಲಿ. ಡ್ರೈವ್ ಎಂದರೆ ಕಡತಗಳನ್ನು ಇಡುವ ಕಪಾಟು, ಸಿ, ಡಿ ಎನ್ನುವುದು ಕಪಾಟುಗಳ ಹೆಸರು. ಡೆಸ್ಕ್‌ಟಾಪ್ ಎಂದು ಕಣ್ಣಿಗೆ ಕಾಣುವುದು ನಿಜವಾಗಿ ಒಂದು ಫೋಲ್ಡರ್. ಸಾಮಾನ್ಯವಾಗಿ ಅದರ ವಿಳಾಸ ಸಿ ಡ್ರೈವ್, ಅದರೊಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹೆಸರು, ಅದರೊಳಗೆ ಡೆಸ್ಕ್‌ಟಾಪ್. ರಿಪೇರಿಯವರು ಫಾರ್ಮ್ಯಾಟ್ ಎಂದಾಗ ಒರೆಸುವುದು ವಿಂಡೋಸ್ ಇರುವ ಸಿ ಡ್ರೈವನ್ನು. ಮೇಜಿನ ಮೇಲಿದ್ದುದೂ ಮೇಜಿನೊಂದಿಗೇ ಹೋಯಿತು. ಹುಡುಗ ಸುಳ್ಳು ಹೇಳಿಲ್ಲ. ಕೇಳಬೇಕಾದ ಒಂದು ಮಾತನ್ನು ಕೇಳಲಿಲ್ಲ. ಇನ್ನು ಮುಂದೆ ರಿಪೇರಿಗೆ ಕೊಡುವ ಮೊದಲು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಿ, ಕೊಡುವಾಗ ‘ಡೆಸ್ಕ್‌ಟಾಪಿನಲ್ಲಿ ನನ್ನ ಕಡತಗಳಿವೆ’ ಎಂದು ಬಾಯಿ ಬಿಟ್ಟು ಹೇಳಿ.

ನನ್ನ ಅಜ್ಜ ನೆಲದ ಮೇಲೆ ಕುಳಿತು ಇಳಿಜಾರು ಮುಚ್ಚಳದ ಮರದ ಡೆಸ್ಕಿನ ಮೇಲೆ ಲೆಕ್ಕ ಬರೆಯುತ್ತಿದ್ದರು. ಅದರ ಮೇಲೆ ಏನನ್ನೂ ಇಟ್ಟು ಏಳಲು ಬರುತ್ತಿರಲಿಲ್ಲ, ಜಾರಿ ಬೀಳುತ್ತಿತ್ತು. ಆದ್ದರಿಂದ ಏಳುವ ಮೊದಲು ಮುಚ್ಚಳ ಎತ್ತಿ ಪುಸ್ತಕವನ್ನು ಒಳಗಿಟ್ಟೇ ಏಳುತ್ತಿದ್ದರು. ಈ ಕಂಪ್ಯೂಟರಿನವರು ಚಪ್ಪಟೆ ಮೇಜಿನ ಬದಲು ಅಂಥದ್ದೊಂದು ಡೆಸ್ಕನ್ನು ನೋಡಿ ಕಲಿಯಬೇಕಿತ್ತು ಎಂದು ನನಗೆ ಬಹಳ ಸಲ ಅನ್ನಿಸಿದೆ. ನೀವು ಡಿ ಡ್ರೈವಿನಲ್ಲಿ ‘ಸಂಘ’ ಎಂದೊಂದು ಫೋಲ್ಡರ್ ಮಾಡಿ, ಒಳಗೆ ವರ್ಷಕ್ಕೊಂದು ಫೋಲ್ಡರ್ ಮಾಡಿ, ಕಡತಗಳನ್ನು ಅಲ್ಲಿಡಿ. ಕಣ್ಣೆದುರಿಗೂ ಬೇಕೆಂದರೆ ಆ ಫೋಲ್ಡರಿನ ಶಾರ್ಟ್‌ಕಟ್ ಅನ್ನು ಮಾತ್ರ ಡೆಸ್ಕ್‌ಟಾಪಿಗೆ ತನ್ನಿ.

ಶಾರ್ಟ್‌ಕಟ್ ಎಂದರೆ ದಾರಿ ತೋರುವ ಹಲಗೆ. ಚಿತ್ರದ ಎಡ ಕೆಳಮೂಲೆಯಲ್ಲಿ ಪುಟ್ಟ ಬಾಗಿದ ಬಾಣ ಇದ್ದರೆ ಅದು ಹಲಗೆ, ಊರಲ್ಲ. ಅದನ್ನು ಅಳಿಸಿದರೆ ಹಲಗೆ ಹೋಗುತ್ತದೆ, ಊರು ಇದ್ದಲ್ಲೇ ಇರುತ್ತದೆ. ಬಾಣವಿಲ್ಲದ ಕಡತವನ್ನು ಅಳಿಸಿದರೆ ಕಡತವೇ ಕಸದ ಬುಟ್ಟಿಗೆ, ಅಂದರೆ ರೀಸೈಕಲ್ ಬಿನ್‌ಗೆ ಹೋಗುತ್ತದೆ. ಬುಟ್ಟಿಯನ್ನು ಖಾಲಿ ಮಾಡದಿದ್ದರೆ ಅಲ್ಲಿಂದ ‘ರಿಸ್ಟೋರ್’ ಒತ್ತಿ ವಾಪಸು ತರಬಹುದು. ಪೆನ್ ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ಬುಟ್ಟಿಗೆ ಬರುವುದಿಲ್ಲ, ನೇರ ಹೊರಗೆ. ಇದನ್ನು ನೆನಪಿಡಿ, ಈ ಒಂದು ಕಾರಣಕ್ಕೆ ಅತ್ತವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಕಿಟಕಿ, ಮೇಜು ಎಂದು ಪಾಠದಲ್ಲಿ ಬರುತ್ತದೆ. ಇದನ್ನೆಲ್ಲ ಮೊದಲು ಮಾಡಿದ್ದು ಮೈಕ್ರೋಸಾಫ್ಟ್ ಅಲ್ಲವೇ? ಕಿಟಕಿಗಳು ಒಂದರ ಹಿಂದೊಂದು ಅಡಗುವಂತೆ ಯಾಕೆ ಮಾಡಿದರು?
– ಬಿ.ಎ. ವಿದ್ಯಾರ್ಥಿನಿ, ಚಾಮರಾಜನಗರ

ಉತ್ತರ: ನಿನ್ನ ಎರಡನೆಯ ಪ್ರಶ್ನೆಗೆ ನೂರಕ್ಕೆ ನೂರು ಅಂಕ, ಮಗಳೇ.

ಮೊದಲಿಗರು ಮೈಕ್ರೋಸಾಫ್ಟಿನವರಲ್ಲ. ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು ಸಾವಿರ ಜನರ ಮುಂದೆ ಮೌಸ್ ಹಿಡಿದು ಪರದೆಯ ಮೇಲೆ ಕೆಲಸ ಮಾಡಿ ತೋರಿಸಿದರು. ಅವರ ತಂಡದ ಮೊಟ್ಟಮೊದಲ ಮೌಸಿನ ಮೈ ಮರದ್ದು. ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾಲಯ 1973ರಲ್ಲಿ ಆಲ್ಟೋ ಎಂಬ ಯಂತ್ರ ಮಾಡಿತು. ಹೌದು, ನಾವು ನಕಲು ತೆಗೆಸಲು ಹೋಗುವ ಅಂಗಡಿಗೆ ಹೆಸರು ಕೊಟ್ಟ ಅದೇ ಜೆರಾಕ್ಸ್. 1981ರಲ್ಲಿ ಅವರು ಸ್ಟಾರ್ ಎಂಬ ಯಂತ್ರವನ್ನು ಮಾರಾಟಕ್ಕೆ ತಂದರು. ಪರದೆಯ ಮೇಲೆ ಕಚೇರಿಯ ಮೇಜು, ಹಾಳೆ, ಫೋಲ್ಡರ್, ಟಪಾಲಿನ ತಟ್ಟೆ ಎಲ್ಲವೂ ಚಿತ್ರವಾಗಿ ಕುಳಿತವು. ಬೆಲೆ 16,000 ಡಾಲರಿಗೂ ಮೇಲೆ, ಕೊಂಡವರು ಕಡಿಮೆ. ಆಪಲ್ ಕಂಪನಿ 1983ರಲ್ಲಿ ಲೀಸಾ, 1984ರ ಜನವರಿಯಲ್ಲಿ ಮ್ಯಾಕಿಂಟಾಷ್ ತಂದ ಮೇಲೆ ಈ ಮೇಜು ಪೇಟೆಗೆ ಬಂತು. ಮೈಕ್ರೋಸಾಫ್ಟಿನ ಮೊದಲ ವಿಂಡೋಸ್ ಬಂದದ್ದು 1985ರ ನವೆಂಬರ್ 20ರಂದು.

ಈಗ ನಿನ್ನ ಪ್ರಶ್ನೆ. ಆ ಮೊದಲ ವಿಂಡೋಸ್‌ನಲ್ಲಿ ಪ್ರೋಗ್ರಾಂಗಳ ಕಿಟಕಿಗಳು ಒಂದರ ಮೇಲೊಂದು ಬರುತ್ತಲೇ ಇರಲಿಲ್ಲ! ನೆಲಕ್ಕೆ ಕಲ್ಲು ಹಾಸಿದಂತೆ ಪಕ್ಕಪಕ್ಕ ಕೂರುತ್ತಿದ್ದವು. ಏನೂ ಅಡಗುತ್ತಿರಲಿಲ್ಲ, ಆದರೆ ನಾಲ್ಕು ತೆರೆದರೆ ಒಂದೊಂದೂ ಅಂಚೆಚೀಟಿಯಷ್ಟಾಗುತ್ತಿತ್ತು. 1987ರ ಎರಡನೆಯ ಆವೃತ್ತಿಯಲ್ಲಿ ಒಂದರ ಮೇಲೊಂದು ಬರಲು ಬಿಟ್ಟರು. ಜಾಗ ಸಿಕ್ಕಿತು, ಜೊತೆಗೆ ಹುಡುಕಾಟವೂ ಸಿಕ್ಕಿತು. ಕುಗ್ಗಿಸಿದ ಪ್ರೋಗ್ರಾಂ ಪರದೆಯ ತಳದಲ್ಲಿ ಒಂದು ಚಿತ್ರವಾಗಿ ಕೂರುತ್ತಿತ್ತು, ದೊಡ್ಡ ಕಿಟಕಿ ಅದರ ಮೇಲೆ ಬಂದು ಮುಚ್ಚಿಬಿಡುತ್ತಿತ್ತು. ಕಲಿಯುವವರನ್ನು ಕೂರಿಸಿ ಪರೀಕ್ಷಿಸಿದಾಗ, ಹಿಂದೆ ಸರಿದ ಕಿಟಕಿಯನ್ನು ಅವರು ‘ಹೋಯಿತು’ ಎಂದೇ ತಿಳಿಯುತ್ತಾರೆ ಎಂಬುದು ಮೈಕ್ರೋಸಾಫ್ಟಿನವರಿಗೆ ಅರ್ಥವಾಯಿತು. 1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95ರಲ್ಲಿ ಟಾಸ್ಕ್‌ಬಾರ್ ಹುಟ್ಟಿದ್ದು ಹೀಗೆ. ಮುಚ್ಚುವ ಗುಣಾಕಾರ ಗುರುತು ಬಲಮೂಲೆಗೆ ಬಂದದ್ದೂ ಆಗಲೇ. ತಿಪಟೂರಿನ ಮೇಷ್ಟ್ರ ಗಾಬರಿಗೆ ಅಮೆರಿಕದಲ್ಲಿ ಮೂವತ್ತು ವರ್ಷ ಹಿಂದೆಯೇ ಜೊತೆಗಾರರಿದ್ದರು ಎಂದಾಯಿತು.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಅಮ್ಮ ಮೈಸೂರಿನಲ್ಲಿ. ಫೋನಿನಲ್ಲಿ ಕಂಪ್ಯೂಟರ್ ಹೇಳಿಕೊಡಲು ಹೋದರೆ ಐದೇ ನಿಮಿಷಕ್ಕೆ ಇಬ್ಬರಿಗೂ ಜಗಳವಾಗುತ್ತದೆ. ‘ಏನು ಒತ್ತಿದೆ?’ ಎಂದರೆ ‘ಏನೂ ಒತ್ತಿಲ್ಲ’ ಎನ್ನುತ್ತಾರೆ.
– ಸಾಫ್ಟ್‌ವೇರ್ ಎಂಜಿನಿಯರ್

ಉತ್ತರ: ‘ಏನು ಒತ್ತಿದೆ’ ಎನ್ನುವುದು ಪೊಲೀಸರ ಪ್ರಶ್ನೆ. ಅದಕ್ಕೆ ಯಾವ ತಾಯಿಯೂ ‘ಏನೂ ಇಲ್ಲ’ ಎಂದೇ ಉತ್ತರಿಸುತ್ತಾರೆ. ‘ಏನು ಕಾಣುತ್ತಿದೆ’ ಎಂದು ಕೇಳಿ. ಮೊದಲು ನೆತ್ತಿಯ ಪಟ್ಟಿಯಲ್ಲಿ ಬರೆದದ್ದನ್ನು ಓದಿಸಿ, ಆಮೇಲೆ ತಳದ ಪಟ್ಟಿಯಲ್ಲಿ ಎಡದಿಂದ ಬಲಕ್ಕೆ ಏನೇನಿದೆ, ಯಾವುದರ ಕೆಳಗೆ ಗೆರೆ ಇದೆ ಎಂದು ಹೇಳಿಸಿ. ನೀವು ಅದನ್ನು ಕಾಗದದ ಮೇಲೆ ಗೀಚಿಕೊಳ್ಳಿ. ಅರ್ಧ ಸಮಸ್ಯೆಗಳು ಓದಿಸುವಾಗಲೇ ಬಿಡಿಸಿಕೊಳ್ಳುತ್ತವೆ.

ಪದಗಳ ಮೇಲೆ ನಿಗಾ ಇರಲಿ. ನನ್ನ ತರಗತಿಯಲ್ಲಿ ‘ರೈಟ್ ಕ್ಲಿಕ್ ಮಾಡಿ’ ಎಂದಾಗ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಎಡಗುಂಡಿಯನ್ನು ಎರಡು ಸಲ ಕುಟ್ಟಿದರು. ಅವರ ಮಟ್ಟಿಗೆ ‘ರೈಟ್, ರೈಟ್’ ಎಂದರೆ ಹೊರಡಿ ಎಂದು. ಅಂದಿನಿಂದ ನಾನು ‘ಬಲಗುಂಡಿ’ ಎನ್ನುತ್ತೇನೆ. ‘ಮಿನಿಮೈಸ್ ಮಾಡು’ ಎನ್ನುವ ಬದಲು ‘ಗೀಟು ಒತ್ತು, ಅದು ಕೆಳಗೆ ಇಳಿಯುತ್ತದೆ’ ಎನ್ನಿ.

ತೀರ ಕಟ್ಟಿಹಾಕಿದಂತಾದರೆ ವಿಂಡೋಸ್‌ನಲ್ಲಿ ‘ಕ್ವಿಕ್ ಅಸಿಸ್ಟ್’ ಎಂಬ ಪ್ರೋಗ್ರಾಂ ಇದೆ. ನೀವು ಕೊಟ್ಟ ಸಂಕೇತವನ್ನು ಅವರು ಅಲ್ಲಿ ಬರೆದು ಒಪ್ಪಿದರೆ ಅವರ ಪರದೆ ನಿಮಗೆ ಕಾಣುತ್ತದೆ. ಆದರೆ ಅಮ್ಮನಿಗೆ ಮೊದಲು ಇದನ್ನು ಹೇಳಿ: ಬ್ಯಾಂಕಿನವರೆಂದೋ ಕಂಪನಿಯವರೆಂದೋ ಹೇಳಿಕೊಂಡು ಬೇರೆ ಯಾರಾದರೂ ಫೋನಿನಲ್ಲಿ ಇಂಥ ಸಂಕೇತ ಕೊಟ್ಟರೆ ಬರೆಯದೆ ಫೋನ್ ಇಟ್ಟುಬಿಡಬೇಕು.

ಪರದೆ ಕಂಡ ತಕ್ಷಣ ನೀವೇ ಟಕಟಕ ಎಂದು ಎಲ್ಲ ಮಾಡಿ ಮುಗಿಸಬೇಡಿ. ಊರಿಗೆ ಬಂದ ಮಕ್ಕಳು ಅಪ್ಪ ಅಮ್ಮನ ಕೈಯಿಂದ ಮೌಸ್ ಕಸಿದುಕೊಳ್ಳುವುದನ್ನು ನಾನು ನೂರಾರು ಸಲ ನೋಡಿದ್ದೇನೆ, ನ್ಯೂಜೆರ್ಸಿಯಿಂದಲೂ ಕಸಿಯುವ ಸೌಲಭ್ಯ ಈಗ ಬಂದಿದೆ. ಬಾಣ ಎಲ್ಲಿಗೆ ಹೋಗಬೇಕೆಂದು ಬಾಯಿಯಲ್ಲಿ ಹೇಳಿ, ಅಮ್ಮನೇ ಒಯ್ಯಲಿ. ಮೊದಲ ಸಲ ನಾಲ್ಕು ನಿಮಿಷ ಹಿಡಿದೀತು. ಅಷ್ಟು ಹೊತ್ತು ಮೈಸೂರಿನಲ್ಲಿ ಮಳೆ ಬಂತೇ ಎಂದು ಕೇಳುತ್ತಿರಿ.